ಪಾಠಯೋಜನೆಗಿಂತ ಮೊದಲು ಮಗುವಿನ ಮಾತು: ನಾಳೆಯ ಪ್ರಾಥಮಿಕ ಶಿಕ್ಷಕರನ್ನು ವಿಜ್ಞಾನ, ಗಣಿತ, ತಂತ್ರಜ್ಞಾನ ಕಲಿಸಲು ತಯಾರು ಮಾಡುವ ಸಮಗ್ರ ಮಾರ್ಗದರ್ಶಿ

ಡಿ.ಎಲ್.ಎಡ್. (ಪ್ರಾಥಮಿಕ ಶಿಕ್ಷಕರ ತರಬೇತಿ ಕೋರ್ಸ್) ಮುಗಿಸಿ ಮೂಡುಬಿದಿರೆ ಕಡೆಯದೋ ಬ್ರಹ್ಮಾವರ ಕಡೆಯದೋ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಸೇರುವ ಟೀಚರ್‌ಗೆ 'ಗಣಿತ ನನ್ನ ವಿಷಯ ಅಲ್ಲ' ಅನ್ನುವ ಅವಕಾಶವೇ ಇಲ್ಲ. ಕನ್ನಡವೂ ಅವರದ್ದೇ, ಗಣಿತವೂ ಅವರದ್ದೇ, ಪರಿಸರ ಅಧ್ಯಯನವೂ ಅವರದ್ದೇ. ಪಿಯುಸಿಯಲ್ಲಿ ಕಲಾ ವಿಭಾಗ ತೆಗೆದುಕೊಂಡು, ಇನ್ನು ಲೆಕ್ಕದ ಸಹವಾಸ ಮುಗಿಯಿತು ಅಂದುಕೊಂಡು ಬಂದವರು ಇವರಲ್ಲಿ ತುಂಬಾ ಜನ. ಆ ಭಯ ಹಾಗೇ ಉಳಿದರೆ ಮಕ್ಕಳಿಗೂ ಅದೇ ದಾಟುತ್ತದೆ.

ಇದನ್ನು ಬರೆದದ್ದು ಮಂಗಳೂರು, ಉಡುಪಿ ಭಾಗದಲ್ಲಿ ಇಂಥವರಿಗೆ ಕಲಿಸುವ ಉಪನ್ಯಾಸಕರಿಗೆ. ಪ್ರಶಿಕ್ಷಣಾರ್ಥಿಗಳು ತಾವೇ ಓದಿಕೊಂಡು ಮಾಡಿದರೂ ಆದೀತು. ನಾನು ಹೇಳುವ ಕ್ರಮ ಸಾಮಾನ್ಯವಾಗಿ ನಡೆಯುವುದಕ್ಕಿಂತ ಸ್ವಲ್ಪ ಬೇರೆ. ಮೊದಲು ತಾವೇ ಕೈಯಾರೆ ಮಾಡಿ ಕಲಿಯಬೇಕು. ಆಮೇಲೆ ಮಕ್ಕಳು ಏನು ಯೋಚಿಸುತ್ತಾರೆ ಅಂತ ಕೇಳಬೇಕು. ಪಾಠಯೋಜನೆ ಬರುವುದು ಇವೆರಡೂ ಆದ ಮೇಲೆ.

ಹಂತ 1: ಭಯ ಎಲ್ಲಿದೆ ಅಂತ ಹುಡುಕಿ

ಮೊದಲ ವಾರವೇ ಒಂದು ಪ್ರಶ್ನೆಪತ್ರಿಕೆ ಕೊಡಿ. ಅಂಕ ಬೇಡ, ಹೆಸರು ಬೇಡ. ಮೂರರಿಂದ ಏಳನೇ ತರಗತಿಯ ಲೆಕ್ಕಗಳೇ ಸಾಕು. ಆದರೆ ಉತ್ತರದ ಜೊತೆ 'ಯಾಕೆ' ಅಂತಲೂ ಕೇಳಿ.

1½ ÷ ¾ ಎಷ್ಟು ಅಂದರೆ ಹೆಚ್ಚಿನವರು ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸಿ 2 ಅಂತ ಬರೆಯುತ್ತಾರೆ. 'ಸರಿ, ಈ ಲೆಕ್ಕ ಬರುವ ಹಾಗೆ ಒಂದು ಸಣ್ಣ ಕಥೆ ಬರೆಯಿರಿ' ಅಂದ ಕೂಡಲೇ ಪೆನ್ನು ನಿಲ್ಲುತ್ತದೆ. ಒಂದೂವರೆ ಲೀಟರ್ ತೆಂಗಿನೆಣ್ಣೆ ಇದೆ, ಮುಕ್ಕಾಲು ಲೀಟರಿನ ಎಷ್ಟು ಬಾಟಲಿ ತುಂಬಬಹುದು? ಇಷ್ಟೇ ಕಥೆ. ಭಾಗಾಕಾರ ಅಂದರೆ ಹಂಚುವುದು ಮಾತ್ರ ಅಂತ ಕಲಿತವರಿಗೆ ಇದು ಹೊಳೆಯುವುದಿಲ್ಲ. ಮುಕ್ಕಾಲು ಜನರಿಗೆ ಹಂಚುವುದು ಹೇಗೆ ಅಂತ ಗೊಂದಲ ಆಗುತ್ತದೆ. 'ಇದರಲ್ಲಿ ಅದು ಎಷ್ಟು ಸಲ ಇದೆ' ಅನ್ನುವ ಅರ್ಥವೂ ಭಾಗಾಕಾರಕ್ಕೆ ಇದೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ.

ಇನ್ನು ಕೆಲವು ಪ್ರಶ್ನೆ: 0.35 ದೊಡ್ಡದೋ 0.5 ದೊಡ್ಡದೋ, ಯಾಕೆ? 8 + 4 = □ + 5, ಡಬ್ಬಿಯಲ್ಲಿ ಏನು? (12 ಅಂತ ಬರೆದವರು ಸಮ ಚಿಹ್ನೆಯನ್ನು 'ಉತ್ತರ ಬರೆಯುವ ಜಾಗ' ಅಂತ ತಿಳಿದಿದ್ದಾರೆ.) ಒಂದು ಹಲಸಿನ ಮರಕ್ಕೆ ಅಷ್ಟು ತೂಕ ಎಲ್ಲಿಂದ ಬಂತು? ಅಮಾವಾಸ್ಯೆ ಹತ್ತಿರ ಬಂದ ಹಾಗೆ ಚಂದ್ರ ಸಣ್ಣದಾಗುವುದು ಯಾಕೆ? ಮರದ ಪ್ರಶ್ನೆಗೆ 'ಮಣ್ಣಿನಿಂದ' ಅಂತ ಬರೆಯುವವರು ಜಾಸ್ತಿ. ಚಂದ್ರನ ಪ್ರಶ್ನೆಗೆ 'ಭೂಮಿಯ ನೆರಳು ಬೀಳುತ್ತದೆ' ಅಂತ. ಮರದ ತೂಕದ ಬಹುಪಾಲು ನೀರು ಮತ್ತು ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ಬಂದದ್ದು. ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದು ಚಂದ್ರಗ್ರಹಣದಲ್ಲಿ ಮಾತ್ರ.

ಉತ್ತರಗಳನ್ನು ಬೋರ್ಡಿನ ಮೇಲೆ ಹಾಕಿ, ಯಾರದ್ದು ಅಂತ ಕೇಳದೆ ಚರ್ಚೆ ಮಾಡಿ. ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲೇ ಶಿಕ್ಷಕರ ಜ್ಞಾನದ ಬಗ್ಗೆ ಒಂದು ಮುಖ್ಯ ಮಾತು ಹೇಳಿದರು. ವಿಷಯ ಗೊತ್ತಿರುವುದು ಬೇರೆ, ಬೋಧನೆಯ ಸಾಮಾನ್ಯ ವಿಧಾನ ಗೊತ್ತಿರುವುದು ಬೇರೆ, ಆ ವಿಷಯ ಕಲಿಯುವವರಿಗೆ ಎಲ್ಲಿ ತೊಡಕಾಗುತ್ತದೆ, ಅದನ್ನು ಹೇಗೆ ಬಿಡಿಸಬೇಕು ಅಂತ ಗೊತ್ತಿರುವುದು ಇನ್ನೊಂದೇ ಬಗೆಯ ಜ್ಞಾನ. ನಮಗೆ ಬೇಕಾದದ್ದು ಈ ಮೂರನೆಯದು.

ಹಂತ 2: ಅವರನ್ನು ಮತ್ತೆ ವಿದ್ಯಾರ್ಥಿಗಳನ್ನಾಗಿ ಮಾಡಿ

ಪ್ರತಿಯೊಬ್ಬರಿಗೂ ಒಂದು ಟಾರ್ಚ್ ಸೆಲ್, ಒಂದು ಸಣ್ಣ ಟಾರ್ಚ್ ಬಲ್ಬ್, ಒಂದು ತುಂಡು ವಯರ್ ಕೊಡಿ. ಒಂದೇ ವಯರ್. 'ಬಲ್ಬ್ ಉರಿಸಿ' ಅನ್ನಿ. ಬೇರೇನೂ ಹೇಳಬೇಡಿ.

ಮೊದಲು ಹೆಚ್ಚಿನವರು ಸೆಲ್ಲಿನ ತಲೆಗೆ ವಯರಿನ ಒಂದು ತುದಿ, ಬಲ್ಬಿನ ಬುಡಕ್ಕೆ ಇನ್ನೊಂದು ತುದಿ ಮುಟ್ಟಿಸುತ್ತಾರೆ. ಉರಿಯುವುದಿಲ್ಲ. ಸೆಲ್ ಹಾಳಾಗಿದೆ ಅನ್ನುತ್ತಾರೆ. ಬದಲಾಯಿಸಿ ಕೊಡಿ, ಆಗಲೂ ಉರಿಯುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಯಾರೋ ಒಬ್ಬರು ಬಲ್ಬಿನ ಬುಡವನ್ನು ಸೆಲ್ಲಿನ ತಲೆಯ ಮೇಲೆ ನೇರ ಕೂರಿಸಿ, ವಯರಿನಿಂದ ಸೆಲ್ಲಿನ ಅಡಿಯನ್ನೂ ಬಲ್ಬಿನ ಪಕ್ಕದ ಲೋಹದ ಕವಚವನ್ನೂ ಮುಟ್ಟಿಸುತ್ತಾರೆ. ಬೆಳಕು ಬರುತ್ತದೆ. ಆಗ ಇಡೀ ಕೋಣೆಯಲ್ಲಿ ಗಲಾಟೆ ಏಳುತ್ತದೆ. ಏಳಲಿ ಬಿಡಿ.

ಆಮೇಲಿನ ಕೆಲಸ ಮುಖ್ಯ. ಉರಿದ ಜೋಡಣೆಗಳನ್ನೂ ಉರಿಯದ ಜೋಡಣೆಗಳನ್ನೂ ಬೇರೆ ಬೇರೆ ಚಿತ್ರ ಬಿಡಿಸಲಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಬಲ್ಬಿಗೆ ಎರಡು ಮುಟ್ಟುವ ಜಾಗ ಇವೆ, ಸೆಲ್ಲಿಗೂ ಎರಡು ಇವೆ, ನಾಲ್ಕೂ ಸೇರಿ ಒಂದು ಸುತ್ತು ಆಗಬೇಕು ಅನ್ನುವುದು ಅವರ ಬಾಯಿಂದಲೇ ಬರುತ್ತದೆ. 'ಮಂಡಲ' ಅನ್ನುವ ಪಾರಿಭಾಷಿಕ ಪದ ಆಗ ಹೇಳಿ. ಮೊದಲೇ ಹೇಳಿದರೆ ಬರೆದುಕೊಳ್ಳುತ್ತಾರೆ, ಅಷ್ಟೇ.

ಸಾಮಾನಿನ ಬಗ್ಗೆ ಒಂದು ಮಾತು. ಈಗ ಟಾರ್ಚೆಲ್ಲ ಎಲ್‌ಇಡಿ. ಹಳೇ ತಂತಿ ಬಲ್ಬ್ ಬೇಕು ಅಂತ ಎಲೆಕ್ಟ್ರಿಕ್ ಅಂಗಡಿಯಲ್ಲಿ ಕೇಳಿಯೇ ತರಬೇಕು. ಸಾಮಾನ್ಯ ಎಲ್‌ಇಡಿ 1.5 ವೋಲ್ಟಿನ ಒಂದೇ ಸೆಲ್ಲಿಗೆ ಉರಿಯುವುದಿಲ್ಲ, ಎರಡು ಬೇಕು, ಕಾಲುಗಳನ್ನು ಸರಿ ದಿಕ್ಕಿನಲ್ಲೂ ಇಡಬೇಕು. ಸೆಲ್ಲಿನ ಎರಡು ತುದಿಗೆ ಬರೀ ವಯರ್ ಮುಟ್ಟಿಸಿ ಹಿಡಿದರೆ ಬಿಸಿಯಾಗುತ್ತದೆ ಅಂತ ಎಚ್ಚರಿಸಿ. ಗೋಡೆಯ ಪ್ಲಗ್ಗಿನ ಹತ್ತಿರ ಈ ವಯರ್ ಹೋಗಲೇಬಾರದು.

ಈ ಹೊತ್ತಿನಲ್ಲಿ ಉಪನ್ಯಾಸಕರಿಗೆ ಕಷ್ಟದ ಕೆಲಸ ಸುಮ್ನೆ ಇರುವುದು. ಸುಳಿವು ಕೊಡಲು ಬಾಯಿ ತುರಿಸುತ್ತದೆ. ತಡೆದುಕೊಳ್ಳಿ. ತಾನೇ ಕಂಡುಹಿಡಿದ ಖುಷಿ ಎಂಥದ್ದು ಅಂತ ಗೊತ್ತಿಲ್ಲದ ಟೀಚರ್ ಅದನ್ನು ಮಕ್ಕಳಿಗೆ ಹೇಗೆ ಕೊಡುತ್ತಾರೆ?

ಹಂತ 3: ಶಾಲೆಗೆ ಹೋಗಿ, ಪಾಠ ಮಾಡಬೇಡಿ, ಕೇಳಿ

ಮೊದಲ ಶಾಲಾ ಭೇಟಿಯಲ್ಲಿ ಯಾರೂ ಪಾಠ ಮಾಡುವುದು ಬೇಡ. ಮುಖ್ಯ ಶಿಕ್ಷಕರ ಅನುಮತಿ ತೆಗೆದುಕೊಂಡು ಒಬ್ಬ ಪ್ರಶಿಕ್ಷಣಾರ್ಥಿ ಒಂದೆರಡು ಮಕ್ಕಳ ಜೊತೆ ಹತ್ತು ನಿಮಿಷ ಕೂರಲಿ. ಒಂದು ಲೆಕ್ಕ ಕೊಡಲಿ. ತಪ್ಪಾದರೆ ತಿದ್ದಬಾರದು. 'ಹೇಗೆ ಮಾಡಿದೆ, ನನಗೆ ಹೇಳ್ತೀಯಾ?' ಅಂತ ಕೇಳಬೇಕು.

ಮೂರನೇ ತರಗತಿಯಲ್ಲಿ 52 − 38 ಕೊಟ್ಟು ನೋಡಿ. 26 ಅನ್ನುವ ಉತ್ತರ ಖಂಡಿತ ಸಿಗುತ್ತದೆ. ಮಾತು ಹೀಗೆ ಹೋಗಬಹುದು:

'ಹೇಗೆ ಬಂತು ಇಪ್ಪತ್ತಾರು?'
'ಎಂಟರಿಂದ ಎರಡು ಹೋದರೆ ಆರು ಟೀಚರ್. ಐದರಿಂದ ಮೂರು ಹೋದರೆ ಎರಡು.'
'ಎರಡರಿಂದ ಎಂಟು ಕಳೀಬೇಕಲ್ವಾ?'
'ಅದು ಹೋಗುದಿಲ್ಲ ಟೀಚರ್. ದೊಡ್ಡದರಿಂದ ಸಣ್ಣದು ಕಳೆಯುದಲ್ವಾ?'

ಈ ಮಗು ಗಮನ ಇಲ್ಲದೆ ಮಾಡಿದ್ದಲ್ಲ. ಒಂದು ಕಾಲದಲ್ಲಿ ತರಗತಿಯಲ್ಲೇ ಕೇಳಿದ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದೆ. 'ಇನ್ನೊಮ್ಮೆ ಮಾಡು' ಅಂದರೆ ಇನ್ನೊಮ್ಮೆ 26 ಬರುತ್ತದೆ. ಹತ್ತು ಸಲ ಬರೆಸಿದರೂ 26. ಬೇಕಾದದ್ದು ಹಿಡಿಸೂಡಿ (ತೆಂಗಿನ ಗರಿಯ ಪೊರಕೆ) ಕಡ್ಡಿ. ಹತ್ತು ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ ಐದು ಕಟ್ಟು, ಬಿಡಿಯಾಗಿ ಎರಡು ಕಡ್ಡಿ ಮುಂದೆ ಇಡಿ. 'ಇದರಲ್ಲಿ ಮೂವತ್ತೆಂಟು ಕಡ್ಡಿ ನನಗೆ ಕೊಡು.' ಮಗು ಮೂರು ಕಟ್ಟು ಕೊಡುತ್ತದೆ. ಬಿಡಿ ಎರಡನ್ನೂ ಕೊಡುತ್ತದೆ. ಆಮೇಲೆ ನಿಲ್ಲುತ್ತದೆ, ನಿಮ್ಮ ಮುಖ ನೋಡುತ್ತದೆ. 'ಕಟ್ಟು ಬಿಚ್ಚಬಹುದಾ ಟೀಚರ್?' ಅಂತ ಅದೇ ಕೇಳುವವರೆಗೆ ಕಾಯಿರಿ. ಕಟ್ಟನ್ನು ಮಗುವೇ ಬಿಚ್ಚಬೇಕು. 'ದಶಕ ತೆಗೆದುಕೊಳ್ಳುವುದು' ಅಂತ ನಾವು ಬಾಯಿಪಾಠ ಮಾಡಿಸಿದ್ದರ ಅರ್ಥ ಆ ಬಿಚ್ಚುವುದರಲ್ಲಿ ಇದೆ.

ಕಾಲೇಜಿಗೆ ಬಂದ ಮೇಲೆ ಪ್ರತಿಯೊಬ್ಬರೂ ಒಂದು ಪುಟ ಬರೆಯಲಿ: ಮಗು ಹೇಳಿದ್ದು ಹೇಳಿದ ಹಾಗೇ, ಅದರ ಹಿಂದಿನ ಯೋಚನೆ ಏನಿರಬಹುದು, ಮುಂದೆ ಏನು ಕೇಳಬಹುದಿತ್ತು. ವಿಜ್ಞಾನಕ್ಕೂ ಹೀಗೇ ಮಾಡಿ. 'ಕಲ್ಲು ಮುಳುಗಿತು, ತೆಂಗಿನಕಾಯಿ ತೇಲಿತು, ಯಾಕೆ?' ಅಂತ ಕೇಳಿ. 'ಕಲ್ಲು ಭಾರ' ಅನ್ನುತ್ತಾರೆ. ಕೈಯಲ್ಲಿ ಎರಡನ್ನೂ ಕೊಡಿ, ತೆಂಗಿನಕಾಯಿಯೇ ಭಾರ ಇರಲಿ. ಮಗುವಿನ ಮುಂದಿನ ಮಾತನ್ನು ಬರೆದುಕೊಳ್ಳಿ.

ನಮ್ಮ ಕಡೆ ಇನ್ನೊಂದು ವಿಷಯ ಇದೆ. ಮಕ್ಕಳ ಮನೆಮಾತು ತುಳು, ಕೊಂಕಣಿ, ಬ್ಯಾರಿ. ಈಗ ಹೊರರಾಜ್ಯದಿಂದ ಕೆಲಸಕ್ಕೆ ಬಂದವರ ಮಕ್ಕಳೂ ತರಗತಿಯಲ್ಲಿ ಇದ್ದಾರೆ. ಯೋಚನೆಯನ್ನು ಮೊದಲು ಮನೆಮಾತಿನಲ್ಲೇ ಹೇಳಲು ಬಿಡಿ. ಕನ್ನಡದಲ್ಲಿ ಸುಮ್ಮನೆ ಕೂತ ಮಗು ತುಳುವಿನಲ್ಲಿ ಉದ್ದಕ್ಕೆ ವಿವರಿಸುವುದನ್ನು ನೋಡಿದ ಪ್ರಶಿಕ್ಷಣಾರ್ಥಿ ಇನ್ನು ಯಾವ ಮಗುವನ್ನೂ ಸುಲಭಕ್ಕೆ 'ದಡ್ಡ' ಅನ್ನುವುದಿಲ್ಲ.

ಹಂತ 4: ಪಾಠವನ್ನು ಊರಿನಿಂದ ತೆಗೆಯಿರಿ

ಶಾಲೆ ಶುರುವಾಗುವುದೂ ಮಳೆ ಶುರುವಾಗುವುದೂ ನಮ್ಮಲ್ಲಿ ಹೆಚ್ಚುಕಮ್ಮಿ ಒಟ್ಟಿಗೆ. ಹಾಗಾಗಿ ಮಳೆಮಾಪಕದಿಂದಲೇ ಶುರು ಮಾಡಿ.

ಎರಡು ಲೀಟರಿನ ತಂಪು ಪಾನೀಯದ ಬಾಟಲಿ ತನ್ನಿ. ಮಧ್ಯಭಾಗ ನೇರವಾಗಿ ಇರುವಂಥದ್ದು ಆಗಬೇಕು. ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ, ಅದನ್ನೇ ಬೋರಲು ಮಾಡಿ ಆಲಿಕೆಯ ಹಾಗೆ ಕೂರಿಸಿ. ಬುಡ ಉಬ್ಬುತಗ್ಗಾಗಿ ಇರುವುದರಿಂದ ಅಲ್ಲಿಂದ ಅಳೆದರೆ ತಪ್ಪಾಗುತ್ತದೆ. ಸ್ವಲ್ಪ ಜಲ್ಲಿ ಹಾಕಿ, ನೇರ ಭಾಗ ಶುರುವಾಗುವವರೆಗೆ ನೀರು ತುಂಬಿ, ಅಲ್ಲಿ ಗೆರೆ ಎಳೆಯಿರಿ. ಅದು ಸೊನ್ನೆ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿ. ಮಾಡಿನ (ಛಾವಣಿಯ) ನೀರು ಬೀಳದ, ಮರದ ಅಡಿ ಅಲ್ಲದ ಬಯಲಿನಲ್ಲಿ ಇಡಿ. ಗಾಳಿಗೆ ಬೀಳದ ಹಾಗೆ ಸುತ್ತ ಕಲ್ಲು ಇಡಿ. ಹವಾಮಾನ ಇಲಾಖೆಯ ಹಾಗೆ ಬೆಳಿಗ್ಗೆ 8.30ಕ್ಕೆ ನೋಡುವುದು ಒಳ್ಳೆಯದು. ಶಾಲೆಯಲ್ಲಿ ಬೇಗ ಬರುವ ಮಕ್ಕಳು ಇದ್ದೇ ಇರುತ್ತಾರೆ, ಅವರಿಗೆ ವಹಿಸಿ. ಜುಲೈಯ ಜೋರು ಮಳೆಗೆ ಬಾಟಲಿ ತುಂಬಿ ಹರಿಯಬಹುದು. ಅಂಥ ದಿನ ಸಂಜೆ ಒಮ್ಮೆ ಅಳೆದು, ಖಾಲಿ ಮಾಡಿ, ಸೊನ್ನೆ ಗೆರೆವರೆಗೆ ಮತ್ತೆ ನೀರು ಹಾಕಿ ಇಡಬೇಕು.

ಇನ್ನು ಗಣಿತ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ನಿಂತರೆ ಎಷ್ಟು ನೀರು? ಸರಿಯಾಗಿ ಒಂದು ಲೀಟರ್. ಇದನ್ನು ಹೇಳಬೇಡಿ, ಐದನೇ ತರಗತಿಯವರಿಂದ ಲೆಕ್ಕ ಮಾಡಿಸಿ. ಆಮೇಲೆ ಶಾಲೆಯ ಮಾಡನ್ನು ನೆಲದ ಮೇಲೆ ಹೆಜ್ಜೆ ಹಾಕಿ ಅಳೆಯಲಿ. 15 ಮೀಟರ್ ಉದ್ದ, 6 ಮೀಟರ್ ಅಗಲ ಇದ್ದರೆ 90 ಚದರ ಮೀಟರ್. ಒಂದು ದಿನ 80 ಮಿ.ಮೀ. ಮಳೆ ಬಂದರೆ 7,200 ಲೀಟರ್. ನಮ್ಮಲ್ಲಿ ಅಂಥ ದಿನ ಅಪರೂಪ ಅಲ್ಲ. ಅಷ್ಟೆಲ್ಲ ನೀರು ಹೋದ ಊರಲ್ಲೇ ಏಪ್ರಿಲಿನಲ್ಲಿ ಬಾವಿ ಯಾಕೆ ಬತ್ತುತ್ತದೆ? ಈ ಪ್ರಶ್ನೆ ಮಕ್ಕಳೇ ಕೇಳುತ್ತಾರೆ. 64.5 ಮಿ.ಮೀ. ದಾಟಿದರೆ ಇಲಾಖೆಯ ಭಾಷೆಯಲ್ಲಿ 'ಭಾರಿ ಮಳೆ' ಅಂತ ತಿಳಿದ ಮೇಲೆ, ರಜೆ ಸಿಗುವ ದಿನದ ಅಲರ್ಟ್ ಸುದ್ದಿಯನ್ನೂ ಅವರು ಅಂಕಿಅಂಶವಾಗಿ ಓದಲು ಶುರು ಮಾಡುತ್ತಾರೆ.

ಅಕ್ಷರ ದಾಸೋಹದ ಅಡುಗೆಮನೆಯೂ ಒಂದು ಗಣಿತ ಪ್ರಯೋಗಶಾಲೆ. ಮಾನದಂಡದ ಪ್ರಕಾರ 5ನೇ ತರಗತಿವರೆಗಿನ ಮಗುವಿಗೆ 100 ಗ್ರಾಂ ಧಾನ್ಯ, 6ರಿಂದ 8ರವರಿಗೆ 150 ಗ್ರಾಂ. ಇವತ್ತು ಸಣ್ಣ ತರಗತಿಗಳಲ್ಲಿ 43, ದೊಡ್ಡವರಲ್ಲಿ 28 ಹಾಜರಿ ಇದ್ದರೆ ಎಷ್ಟು ಅಕ್ಕಿ? ಎಂಟೂವರೆ ಕಿಲೋ. ಅಡುಗೆಯವರ ಹತ್ತಿರವೇ ಕೇಳಿ ತಾಳೆ ನೋಡಲಿ.

ಮಳೆ ನಿಂತ ಮೇಲೆ ನೆರಳು. ಅಂಗಳದಲ್ಲಿ ಒಂದು ಕೋಲು ನೆಟ್ಟು, ಹನ್ನೆರಡಕ್ಕೆ ಸ್ವಲ್ಪ ಮೊದಲಿನಿಂದ ಒಂದು ಗಂಟೆವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಿಸಿ. ಅತಿ ಗಿಡ್ಡ ನೆರಳು ಹನ್ನೆರಡಕ್ಕೆ ಬರುವುದಿಲ್ಲ! ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶಕ್ಕೆ, ಮಂಗಳೂರು ಇರುವುದು 75 ಡಿಗ್ರಿಗೆ ಸ್ವಲ್ಪ ಪಶ್ಚಿಮಕ್ಕೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸುಮಾರು ಅರ್ಧ ಗಂಟೆ ತಡ. ನವೆಂಬರ್ ಮೊದಲಿಗೆ ಅತಿ ಗಿಡ್ಡ ನೆರಳು ಬೀಳುವುದು ಹನ್ನೆರಡೂಕಾಲಕ್ಕೆ ಹತ್ತಿರ, ಫೆಬ್ರವರಿಯಲ್ಲಿ ಹನ್ನೆರಡೂಮುಕ್ಕಾಲಕ್ಕೆ ಹತ್ತಿರ. ಎರಡು ತಿಂಗಳೂ ಮಾಡಿಸಿ, ವ್ಯತ್ಯಾಸವನ್ನು ಅವರೇ ಕಾಣಲಿ. ಅತಿ ಗಿಡ್ಡ ನೆರಳು ಬಿದ್ದ ಗೆರೆಯೇ ಸರಿಯಾದ ಉತ್ತರ-ದಕ್ಷಿಣ.

ದಾಸವಾಳದ ಹೂವನ್ನು ಬಿಸಿನೀರಿನಲ್ಲಿ ನೆನೆಸಿ ಆ ನೀರಿಗೆ ಲಿಂಬೆ, ಬಿಂಬುಳಿ, ಸೋಪಿನ ನೀರು, ಅಡುಗೆ ಸೋಡಾ ಒಂದೊಂದಾಗಿ ಹಾಕಿಸಿ. ಹುಳಿಗೆ ಕೆಂಪು, ಸೋಡಾಕ್ಕೆ ಹಸಿರು. ಪುನರ್ಪುಳಿಯ (ಕೋಕಂ) ನೀರು ಏನಾಗುತ್ತದೆ ಅಂತ ಪುಸ್ತಕ ನೋಡದೆ ಕಂಡುಹಿಡಿಯಲಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಲಾವಾ ತಣಿದು ಬಿರುಕುಬಿಟ್ಟು ಆದ ಕಲ್ಲುಕಂಬಗಳಲ್ಲಿ ಷಡ್ಭುಜ ಹುಡುಕಬಹುದು. ಎಲ್ಲವೂ ಆರು ಬದಿಯದ್ದಾಗಿ ಇರುವುದಿಲ್ಲ, ಎಣಿಸಿ ನೋಡಬೇಕು. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ಪಿಲಿಕುಳದ ವಿಜ್ಞಾನ ಕೇಂದ್ರಕ್ಕೂ ತಾರಾಲಯಕ್ಕೂ ಹೋಗಿ. ಆದರೆ 'ಮಕ್ಕಳನ್ನು ಇಲ್ಲಿಗೆ ತಂದರೆ ಯಾವ ಮೂರು ವಸ್ತುಗಳ ಮುಂದೆ ನಿಲ್ಲಿಸುತ್ತೀರಿ, ಏನು ಕೇಳುತ್ತೀರಿ' ಅಂತ ಮೊದಲೇ ಕೆಲಸ ಕೊಡಿ. ಇಲ್ಲದಿದ್ದರೆ ಅದು ಪಿಕ್ನಿಕ್ ಆಗುತ್ತದೆ.

ಹಂತ 5: ಈಗ ಪಾಠಯೋಜನೆ

5ಇ ಮಾದರಿ ಎಲ್ಲರಿಗೂ ಗೊತ್ತು: ತೊಡಗಿಸುವುದು, ಪರಿಶೋಧನೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ. ಮಾದರಿಯಲ್ಲಿ ತೊಂದರೆ ಇಲ್ಲ. ಕಾಲಂ ತುಂಬಿಸುವುದೇ ಕೆಲಸ ಆದಾಗ ತೊಂದರೆ. ಯೋಜನೆಯ ತಲೆಯಲ್ಲಿ ಎರಡು ಸಾಲು ಕಡ್ಡಾಯ ಮಾಡಿ: 'ಈ ವಿಷಯದಲ್ಲಿ ಮಕ್ಕಳು ಈಗಾಗಲೇ ಏನು ಅಂದುಕೊಂಡಿರಬಹುದು?' ಮತ್ತು 'ಹಾಗೆ ಹೇಳಿದರೆ ನಾನು ಏನು ಕೇಳುತ್ತೇನೆ?' ಮೂರನೇ ಹಂತದ ಪುಟಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಚಂದದ ಚಾರ್ಟಿಗೆ ರಾತ್ರಿಯಿಡೀ ಬಣ್ಣ ಹಚ್ಚಿಸುವುದನ್ನು ದಯವಿಟ್ಟು ಬಿಡಿ. ಮಕ್ಕಳ ಕೈಗೆ ಹೋಗದ ಕಲಿಕೋಪಕರಣದಿಂದ ಕಲಿಕೆ ಆಗುವುದು ಕಡಿಮೆ.

ಹಂತ 6: ಸಣ್ಣದರಿಂದ ದೊಡ್ಡದಕ್ಕೆ

ಅಣುಬೋಧನೆಯ (ಸಹಪಾಠಿಗಳ ಮುಂದೆ ಮಾಡುವ ಪುಟ್ಟ ಅಭ್ಯಾಸ ಪಾಠದ) ಚಕ್ರ ನಮ್ಮಲ್ಲಿ 36 ನಿಮಿಷದ್ದು. 6 ನಿಮಿಷ ಪಾಠ, 6 ಹಿಮ್ಮಾಹಿತಿ (ಪಾಠ ಹೇಗಿತ್ತು ಅಂತ ನೋಡಿದವರು ಹೇಳುವುದು), 12 ಮರುಯೋಜನೆ, 6 ಮರುಪಾಠ, 6 ಮರುಹಿಮ್ಮಾಹಿತಿ. ಇದನ್ನು ಮಾಡಿ, ಆದರೆ ಗೆಳತಿಯರೇ ಮಕ್ಕಳಂತೆ ನಟಿಸುವ ತರಗತಿಯಲ್ಲಿ 52 − 38ಕ್ಕೆ 26 ಅನ್ನುವ ಉತ್ತರ ಬರುವುದೇ ಇಲ್ಲ. ಆದ್ದರಿಂದ ನಡುವೆ ಒಂದು ಮೆಟ್ಟಿಲು ಸೇರಿಸಿ: ನಿಜವಾದ ನಾಲ್ಕು ಮಕ್ಕಳು, ಹದಿನೈದು ನಿಮಿಷ, ಒಂದೇ ಪರಿಕಲ್ಪನೆ. ಅದು ಹಿಡಿತಕ್ಕೆ ಬಂದ ಮೇಲೆ ಪೂರ್ತಿ ತರಗತಿ.

ಹಿಮ್ಮಾಹಿತಿಯಲ್ಲಿ 'ಧ್ವನಿ ಚೆನ್ನಾಗಿತ್ತು, ಬೋರ್ಡಿನ ಅಕ್ಷರ ಚೆನ್ನಾಗಿತ್ತು' ಅನ್ನುವುದು ಒಂದೇ ಸಾಲಿಗೆ ಮುಗಿಯಲಿ. ಉಳಿದ ಸಮಯ ಮಕ್ಕಳು ಏನು ಹೇಳಿದರು, ಅದಕ್ಕೆ ಟೀಚರ್ ಏನು ಮಾಡಿದರು ಅನ್ನುವುದಕ್ಕೆ. ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾದರು ಅಂತ ಒಬ್ಬರು ಗಡಿಯಾರ ನೋಡಿ ಬರೆಯಲಿ. ಹೆಚ್ಚಿನವರು ಒಂದೆರಡು ಸೆಕೆಂಡೂ ಕಾಯುವುದಿಲ್ಲ. ಮೂರು ಸೆಕೆಂಡಿಗಿಂತ ಜಾಸ್ತಿ ಕಾದರೆ ಉತ್ತರ ಉದ್ದ ಆಗುತ್ತದೆ, ಕೈ ಎತ್ತದವರೂ ಎತ್ತುತ್ತಾರೆ.

ಒಂದರಿಂದ ಮೂರನೇ ತರಗತಿವರೆಗೆ ನಲಿಕಲಿ (ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ಒಟ್ಟಿಗೆ ನಡೆಯುತ್ತದೆ. ಸಣ್ಣ ಶಾಲೆಗಳಲ್ಲಿ ನಾಲ್ಕು-ಐದೂ ಒಂದೇ ಕೋಣೆಯಲ್ಲಿ. ಹಾಗಾಗಿ ಒಂದು ಪಾಠವನ್ನಾದರೂ ಎರಡು ತರಗತಿಗೆ ಒಟ್ಟಿಗೆ ಮಾಡಿಸಿ. ಮಳೆಮಾಪಕ ಇದಕ್ಕೆ ಸರಿಹೋಗುತ್ತದೆ. ನಾಲ್ಕನೆಯವರು ಅಳೆದು ಸ್ತಂಭ ನಕ್ಷೆ ಬಿಡಿಸಲಿ, ಐದನೆಯವರು ಲೀಟರ್ ಲೆಕ್ಕ ಮಾಡಲಿ.

ಹಂತ 7: ತಂತ್ರಜ್ಞಾನ, ಕೈಗೆ ಆಗದ್ದಕ್ಕೆ

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕೈಯಲ್ಲಿ ಮಾಡಬಹುದಾದ್ದನ್ನು ಪರದೆಯಲ್ಲಿ ತೋರಿಸಬೇಡಿ. ಬೀಜ ಮೊಳಕೆ ಬರುವ ವಿಡಿಯೋ ಯಾಕೆ, ಹೆಸರುಕಾಳು ಒದ್ದೆ ಬಟ್ಟೆಯಲ್ಲಿ ಇಟ್ಟರೆ ಮರುದಿನವೇ ಮೊಳಕೆ ಕಾಣುತ್ತದಲ್ವಾ? ಕೈಗೂ ಕಣ್ಣಿಗೂ ಸಿಗದ್ದಕ್ಕೆ ಪರದೆ ಬೇಕು. ಮಳೆಗಾಲದ ಮೋಡದ ಹಿಂದಿನ ಆಕಾಶಕ್ಕೆ ಸ್ಟೆಲೇರಿಯಂ ತಂತ್ರಾಂಶ. ತ್ರಿಕೋನದ ಮೂಲೆ ಎಳೆದಾಗ ಕೋನಗಳ ಮೊತ್ತ 180 ಡಿಗ್ರಿಯೇ ಉಳಿಯುವುದನ್ನು ನೋಡಲು ಜಿಯೋಜೀಬ್ರಾ ತಂತ್ರಾಂಶ. ಭಿನ್ನರಾಶಿ, ವಿದ್ಯುತ್ ಮಂಡಲಗಳಿಗೆ ಫೆಟ್ ಸಿಮ್ಯುಲೇಶನ್‌ಗಳು (ಪರದೆಯ ಮೇಲೆ ಮಾಡುವ ಪ್ರಯೋಗಗಳು). ಇವುಗಳಲ್ಲಿ ಹಲವು ಕನ್ನಡದಲ್ಲೂ ಸಿಗುತ್ತವೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ಕಲಿಕಾ ಜಾಲತಾಣ ದೀಕ್ಷಾದಲ್ಲಿ ಸಾಮಗ್ರಿ ಇದೆ. ಮೊದಲು ಪೂರ್ತಿ ನೋಡಿ, ಬೇಕಾದಷ್ಟನ್ನೇ ತೋರಿಸಿ.

ಮೊಬೈಲ್ ಅಳೆಯುವ ಸಾಧನ ಕೂಡ. ಚೆಂಡು ಪುಟಿಯುವುದನ್ನು ನಿಧಾನಗತಿಯಲ್ಲಿ ಚಿತ್ರಿಸಿ ಸ್ಕೇಲಿನ ಪಕ್ಕ ನೋಡಬಹುದು. ಹದಿನೈದು ದಿನ ಒಂದೇ ಗಿಡದ ಫೋಟೋ ತೆಗೆಯಬಹುದು. ಮಳೆಯ ಅಂಕಿಗಳನ್ನು ಸ್ಪ್ರೆಡ್‌ಶೀಟಿಗೆ ಹಾಕಿ ನಕ್ಷೆ ತೆಗೆಯಬಹುದು, ಆದರೆ ಮೊದಲು ಚೌಕುಳಿ ಪುಸ್ತಕದಲ್ಲಿ ಕೈಯಿಂದ ಒಂದು ನಕ್ಷೆ ಬಿಡಿಸಿರಬೇಕು. ಕೋಡಿಂಗಿಗೆ, ಅಂದರೆ ಕಂಪ್ಯೂಟರಿಗೆ ಸೂಚನೆ ಬರೆಯಲು, ಮಕ್ಕಳಿಗಾಗಿಯೇ ಇರುವ ಸ್ಕ್ರ್ಯಾಚ್ ಸಾಕು. ಅದಕ್ಕೂ ಮೊದಲು ಅಂಗಳದಲ್ಲಿ ಒಬ್ಬ 'ರೋಬೋ' ಆಗಿ ನಿಂತು, ಉಳಿದವರು 'ಎರಡು ಹೆಜ್ಜೆ ಮುಂದೆ, ಬಲಕ್ಕೆ ತಿರುಗು' ಅಂತ ಬರೆದು ಕೊಟ್ಟು ಆಡಲಿ.

ಗಾಳಿಮಳೆಗೆ ಕರೆಂಟ್ ಹೋಗುತ್ತದೆ, ನೆಟ್‌ವರ್ಕ್ ಹೋಗುತ್ತದೆ. ಪರದೆ ಬಳಸುವ ಪ್ರತಿ ಪಾಠಕ್ಕೂ ಪರದೆ ಇಲ್ಲದ ಇನ್ನೊಂದು ದಾರಿ ಬರೆದಿರಬೇಕು. ಮಕ್ಕಳ ಮುಖ ಕಾಣುವ ಫೋಟೋ, ವಿಡಿಯೋ ಸ್ಟೇಟಸ್ಸಿಗೆ ಹಾಕುವಂತಿಲ್ಲ ಅಂತ ಮೊದಲ ದಿನವೇ ಖಡಕ್ಕಾಗಿ ಹೇಳಿ.

ಹಂತ 8: ಏನನ್ನು ನೋಡಿ ಅಂಕ ಕೊಡಬೇಕು

ರೆಕಾರ್ಡ್ ಪುಸ್ತಕದ ದಪ್ಪ ನೋಡಿ ಕೊಡಬೇಡಿ. ಕೊನೆಯ ಪಾಠ ವೀಕ್ಷಣೆಯಲ್ಲಿ ನಾನು ನೋಡುವುದು ಇಷ್ಟು: ಮಕ್ಕಳು ಎಷ್ಟು ಹೊತ್ತು ಮಾತಾಡಿದರು? ಸಾಮಾನು ಯಾರ ಕೈಯಲ್ಲಿ ಇತ್ತು? ಅನಿರೀಕ್ಷಿತ ಉತ್ತರ ಬಂದಾಗ ಟೀಚರ್ ಅದನ್ನು ದಾಟಿ ಹೋದರೋ, ನಿಂತು ಕೇಳಿದರೋ? 'ನನಗೂ ಗೊತ್ತಿಲ್ಲ, ನೋಡುವ' ಅನ್ನುವ ಧೈರ್ಯ ಇತ್ತೋ? ಅದರ ಜೊತೆ ಒಂದು ಮೌಖಿಕ ಪರೀಕ್ಷೆ. ಮಗುವಿನ ತಪ್ಪು ಉತ್ತರ ಇರುವ ಒಂದು ನೋಟ್‌ಬುಕ್ ಪುಟ ಕೊಟ್ಟು, ಈ ಮಗು ಏನು ಯೋಚಿಸಿದೆ, ನಾಳೆ ನೀವು ಏನು ಮಾಡುತ್ತೀರಿ ಅಂತ ಕೇಳಿ.

ಹಂತ 9: ಮೊದಲ ವರ್ಷ ಕೈಬಿಡಬೇಡಿ

ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಕಷ್ಟ. ದಾಖಲೆ, ಆನ್‌ಲೈನ್ ಎಂಟ್ರಿ, ಸಭೆ, ಸಮಾರಂಭ. ಹಿಡಿಸೂಡಿ ಕಡ್ಡಿ ಮೂಲೆ ಸೇರುವುದು ಆಗಲೇ. ಹೊರಡುವ ಮೊದಲು ಪ್ರತಿಯೊಬ್ಬರೂ ಒಂದು ಡಬ್ಬಿ ತಾವೇ ಜೋಡಿಸಿಕೊಂಡಿರಲಿ: ಕಡ್ಡಿ ಕಟ್ಟುಗಳು, ಸೆಲ್ಲು, ಬಲ್ಬು, ವಯರ್, ಅಳತೆ ಟೇಪು, ಭೂತಗನ್ನಡಿ, ಅಯಸ್ಕಾಂತ, ಕಾಗದದ ಭಿನ್ನರಾಶಿ ಪಟ್ಟಿಗಳು. ಸರ್ಕಾರಿ ಶಾಲೆಗಳಲ್ಲಿ ಗಣಿತ ಕಿಟ್ ಕಪಾಟಿನಲ್ಲಿ ಬೀಗದೊಳಗೆ ಇರುವುದೂ ಉಂಟು. ಸೇರಿದ ಮೊದಲ ವಾರ ಕೇಳಿ ತೆಗೆಸಿ ಅಂತ ಹೇಳಿ ಕಳುಹಿಸಿ.

ಬ್ಯಾಚಿನ ವಾಟ್ಸ್ಯಾಪ್ ಗುಂಪು ಹೇಗೂ ಇರುತ್ತದೆ. ಶುಭಾಶಯದ ಜೊತೆಗೆ ತಿಂಗಳಿಗೊಂದು ಪ್ರಶ್ನೆಯೂ ಅದರಲ್ಲಿ ಬರಲಿ: 'ಈ ತಿಂಗಳು ಒಂದು ಮಗು ಹೇಳಿದ, ನೀವು ಎಣಿಸದೇ ಇದ್ದ ಉತ್ತರ ಯಾವುದು?' ಬಂದ ಉತ್ತರಗಳಲ್ಲಿ ಮಗುವಿನ ಹೆಸರು, ಶಾಲೆಯ ಹೆಸರು ತೆಗೆದು ಒಂದು ಫೈಲಿನಲ್ಲಿ ಇಡಿ. ಮುಂದಿನ ಬ್ಯಾಚಿನ ಮೂರನೇ ಹಂತಕ್ಕೂ ಎಂಟನೇ ಹಂತದ ಮೌಖಿಕ ಪರೀಕ್ಷೆಗೂ ಅದನ್ನೇ ಬಳಸಿ.